ಬೆಟ್ಟಕ್ಕೂ ಬಂದರಿಗೂ ನಡುವಿನ ಗೆರೆ

ಪರದೆಯ ಮೇಲಿನ ಒಂದು ಗೆರೆ ಮಾಯವಾಗಿದ್ದೇ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ.

ಹವಾಮಾನ ಕಚೇರಿಯ ಆ ಸಂಶೋಧಕನನ್ನು ಎಲ್ಲರೂ ‘ಜೇಡ’ ಅಂತಲೇ ಕರೆಯುತ್ತಿದ್ದರು. ತಾಪಮಾನ ಅಳೆಯುವ ಒಂದೊಂದು ಕೇಂದ್ರಕ್ಕೂ ಒಂದೊಂದು ಚುಕ್ಕಿ ಇಟ್ಟು, ಒಟ್ಟಿಗೇ ಬಿಸಿಯಾಗಿ ಒಟ್ಟಿಗೇ ತಣ್ಣಗಾಗುವ ಚುಕ್ಕಿಗಳ ನಡುವೆ ಗೆರೆ ಎಳೆಯುವುದು ಅವನ ಕೆಲಸ. ವರ್ಷಕ್ಕೊಂದು ಬಲೆ. ಬಲೆಯ ರೂಪ ಬದಲಾದರೆ ಹವಾಮಾನವೂ ಬದಲಾಗಿದೆ ಅಂತ ಲೆಕ್ಕ. ಎಲ್ಲಕ್ಕಿಂತ ದಪ್ಪ ಗೆರೆ ಬೆಟ್ಟದ ಕೇಂದ್ರಕ್ಕೂ ದೂರದ ಬಂದರಿನ ಕೇಂದ್ರಕ್ಕೂ ನಡುವೆ ಇತ್ತು. ಐದು ವರ್ಷದ ಹಿಂದೆ ಅದು ಇದ್ದಕ್ಕಿದ್ದಂತೆ ಕಡಿದುಹೋಗಿತ್ತು.

‘ಹವಾಮಾನದ ಬೆನ್ನುಮೂಳೆಯೇ ಮುರಿದಿದೆ’ ಎಂದು ಪಾಪ, ನಿದ್ದೆಗೆಟ್ಟು ಪ್ರಬಂಧ ಬರೆದಿದ್ದ. ಇವತ್ತು ಸಮಿತಿ ಒಪ್ಪಿದರೆ ನೌಕರಿ ಕಾಯಂ, ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ. ಮನೆಯಲ್ಲಿ ತುಂಬು ಬಸುರಿ ಹೆಂಡತಿ.

ಬೆಳಗ್ಗೆಯಿಂದ ಸಹೋದ್ಯೋಗಿಗಳಿಗೆಲ್ಲ ಇವನನ್ನು ಉದ್ಧಾರ ಮಾಡುವುದೇ ಕೆಲಸವಾಯಿತು. ನಕ್ಷೆ ಬಿಡಿಸುವವನು ಚುಕ್ಕಿಗಳಿಗೆ ಕೆಂಪು ಬಳಿದು, ಪರದೆಯನ್ನು ದಡಾರ ಎದ್ದ ಮಗುವಿನ ಮುಖದಂತೆ ಮಾಡಿಟ್ಟ. ಟೈಪಿಸ್ಟಮ್ಮ ಅಷ್ಟಕ್ಕೇ ನಿಲ್ಲುವವರಲ್ಲ.

“ಬರೀ ಚಿತ್ರ ತೋರ್ಸಿದ್ರೆ ಯಾರು ನಂಬ್ತಾರೋ? ಅಲ್ಲಿರೋರ ಬಾಯಲ್ಲೇ ಹೇಳಿಸ್ತೀನಿ, ಸುಮ್ನಿರು!”

ಅವನು ಬೇಡ ಬೇಡ ಅನ್ನುತ್ತಿರುವಾಗಲೇ, ಸಮಿತಿಯ ಎದುರಿಗೇ ಬಂದರಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿಬಿಟ್ಟರು. ಅಲ್ಲಿ ತಾಪಮಾನ ಬರೆದುಕೊಳ್ಳುವ ಹೆಂಗಸು ಎತ್ತಿದಳು.

“ಮೊದ್ಲೆಲ್ಲ ನಿಮ್ಮ ತಾಪಮಾನ ಏರಿದ್ರೆ ಬೆಟ್ಟದ್ದೂ ಏರ್ತಿತ್ತು, ನಮ್ಮ ಹುಡುಗ ಎರಡಕ್ಕೂ ನಡುವೆ ಗೆರೆ ಎಳೀತಿದ್ದ. ಈಗ್ಯಾಕಮ್ಮ ಆ ಗೆರೆ ಇಲ್ಲ?” ಟೈಪಿಸ್ಟಮ್ಮ ಕೇಳಿದರು.

“ಇನ್ನು ಮುಚ್ಚಿಟ್ಟು ಏನಾಗ್ಬೇಕು. ಬೆಟ್ಟದಲ್ಲಿರೋನು ನನ್ನ ತಮ್ಮ. ಚಳಿಗೆ ಹೊರಗೆ ಕಾಲಿಡ್ತಿರ್ಲಿಲ್ಲ. ದಿನಾ ಫೋನ್ ಮಾಡಿ, ‘ಅಕ್ಕಾ, ನಿಂದೆಷ್ಟು?’ ಅನ್ನೋನು. ಬೆಟ್ಟ ತಣ್ಣಗಲ್ವಾ ಅಂತ ಅದರಲ್ಲಿ ಹತ್ತು ಡಿಗ್ರಿ ಕಳೆದು ಬರ್ಕೊಳ್ಳೋನು.”

ಸಮಿತಿಯವರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

“ಅಮ್ಮ ಹೋದಾಗ ಅವ್ನು ಬರ್ಲಿಲ್ಲ. ರಸ್ತೆ ಕುಸಿದಿತ್ತು ಅಂದ. ನಾನು ಬಾಯಿಗೆ ಬಂದಂಗೆ ಬೈದೆ. ಅವತ್ತಿಂದ ಫೋನಿಲ್ಲ.” ಆಕೆಯ ದನಿ ಇಳಿಯಿತು. “ಈಗ ಅವ್ನ ಗೆರೆ ಯಾರ ಜೊತೆ ಸೇರಿದೆ?”

ಜೇಡ ಪರದೆ ನೋಡಿದ. “ಯಾರ ಜೊತೆಗೂ ಇಲ್ಲಮ್ಮ. ಬೆಟ್ಟದ ಚುಕ್ಕಿ ಒಂಟಿಯಾಗಿದೆ.”

ಆಕೆ ಫೋನ್ ಇಟ್ಟಳು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಅಧ್ಯಕ್ಷರಿಗೆ ಕನಿಕರ ಹುಟ್ಟಿತು. “ಹೋಗ್ಲಿ, ಐದು ವರ್ಷದಿಂದಾದ್ರೂ ಅವ್ನು ಥರ್ಮಾಮೀಟರ್ ನೋಡಿ ಬರೀತಿದ್ದಾನೆ. ವರ್ಷದ ಕೊನೇವರೆಗೂ ಹಾಗೇ ಬರೀಲಿ, ಅದನ್ನಿಟ್ಕೊಂಡು ಹೊಸದಾಗಿ ಬಲೆ ಹೆಣೀರಿ. ಅಲ್ಲೀವರೆಗೂ ನಿಮ್ಮ ಕೆಲ್ಸಕ್ಕೆ ತೊಂದ್ರೆ ಇಲ್ಲ. ಬೆಟ್ಟದ ಲೆಕ್ಕ ಮತ್ತೆ ಕೆಟ್ರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ.”

ಜೇಡನಿಗೆ ಹೋದ ಜೀವ ಬಂದಂತಾಯಿತು.

ಸಂಜೆಯ ಲೆಕ್ಕ ಬಂತು. ಬಂದರು, ಮೂವತ್ತೊಂದೂವರೆ. ಬೆಳಗ್ಗೆ ಗಡಗಡ ನಡುಗುತ್ತಿದ್ದ ಬೆಟ್ಟ, ಇಪ್ಪತ್ತೊಂದೂವರೆ.

ಜೇಡ ಒಂದರಲ್ಲಿ ಇನ್ನೊಂದನ್ನು ಕಳೆದು ನೋಡಿದ. ಸರಿಯಾಗಿ ಹತ್ತು. ಬೆಟ್ಟಕ್ಕೆ ಫೋನ್ ಮಾಡಿದ. ಎಂಗೇಜ್. ಬಂದರಿಗೆ ಮಾಡಿದ. ಅದೂ ಎಂಗೇಜ್. ಕಚೇರಿಯ ಬಾಗಿಲು ಹಾಕುವ ಹೊತ್ತಾದರೂ ಎರಡೂ ಎಂಗೇಜ್.

“ಇನ್ನೊಂದ್ಸಲ ಮಾಡೋ. ಗದರಿಸು ಆ ತಮ್ಮನ್ನ! ನಿನ್ನ ಅನ್ನದ ಪ್ರಶ್ನೆ,” ಅಂದರು ಟೈಪಿಸ್ಟಮ್ಮ.

ಅವನು ರಿಸೀವರ್ ಕೆಳಗಿಟ್ಟ. ಕಣ್ಣು ತುಂಬಿ ಪರದೆಯ ಚುಕ್ಕಿಗಳೆಲ್ಲ ಕಲಸಿಹೋಗಿದ್ದವು.

“ಬೇಡ ಬಿಡಿ. ಐದು ವರ್ಷದ ಮಾತು ಬಾಕಿ ಇದೆ.”