ಕೀ ನನ್ನ ಕೈಯಲ್ಲಿ, ಕಾರು ಗಾಜಿನೊಳಗೆ

ಪಂಚಾಂಗ ನೋಡುವುದರಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ. ಜಂಬವಲ್ಲ, ಅಂಕೋಲೆಯ ನಮ್ಮ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅಜ್ಜನ ಪಕ್ಕ ಚಾಪೆಯ ಮೇಲೆ ಕುಳಿತು ತಿಥಿ, ವಾರ, ನಕ್ಷತ್ರ ಕಲಿತವನು. ಮಕ್ಕಳಿಗೆ ಗಣಿತ ಕಲಿಸುವ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಈ ವಿದ್ಯೆ ಇನ್ನಷ್ಟು ಬೆಳೆದಿದೆ. ಬಾವಿಗೆ ಪಂಪು ಇಳಿಸುವುದಕ್ಕೂ ಕೇರಿಯವರು ನನ್ನನ್ನೇ ಕೇಳುತ್ತಾರೆ. ಹಾಗೆ ಕೇಳಿ ಇಳಿಸಿದ ಪಂಪುಗಳಲ್ಲಿ ಒಂದೆರಡು ಇನ್ನೂ ನಡೆಯುತ್ತಿವೆ.

ಕಾರು ಕೊಳ್ಳುವ ಮಾತು ಬಂದದ್ದು ನನ್ನ ಹೆಂಡತಿ ಸುಮಿತ್ರಾಳ ಮೊಣಕಾಲಿನಿಂದ. ವಾರಕ್ಕೆ ಎರಡು ಸಲ ಕಾರವಾರದ ಆಸ್ಪತ್ರೆಗೆ ಹೋಗಿ ಅವಳು ಕಾಲಿನ ವ್ಯಾಯಾಮ ಮಾಡಿಸಿಕೊಳ್ಳಬೇಕು. ವ್ಯಾಯಾಮದಿಂದ ಬಂದ ಗುಣವೆಲ್ಲ ವಾಪಸು ಬರುವಾಗ ಬಸ್ಸಿನ ಮೆಟ್ಟಿಲು ಹತ್ತುವುದರಲ್ಲೇ ಮುಗಿದುಹೋಗುತ್ತಿತ್ತು. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮೆಟ್ಟಿಲ ಮೇಲಿಡುತ್ತಾಳೆ, ಹಲ್ಲು ಕಚ್ಚುತ್ತಾಳೆ, ಮೇಲೆ ಹತ್ತಿದ ಮೇಲೆ ಹತ್ತು ನಿಮಿಷ ಮಾತಾಡುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಸುಮಿತ್ರಾ ಹತ್ತು ನಿಮಿಷ ಮಾತಾಡದೆ ಕುಳಿತದ್ದನ್ನು ನಾನು ಬೇರೆಲ್ಲೂ ಕಂಡವನಲ್ಲ. ನೋಡಲಾಗದೆ ಕಾರು ಬುಕ್ ಮಾಡಿದೆ.

ಕಾರವಾರದ ಹೊರಗೆ ಹೆದ್ದಾರಿಗೆ ತಾಗಿಯೇ ಆ ಶೋರೂಮು. ಮುಂದೆ ನೆಲದಿಂದ ಸೂರಿನವರೆಗೆ ಗಾಜು, ಹಿಂದೆ ರಿಪೇರಿಯ ವರ್ಕ್‌ಶಾಪು. ನೆಲದಲ್ಲಿ ಮುಖ ಕಾಣುತ್ತಿತ್ತು. ಮೊದಲ ದಿನ ನಾನು ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟು ಒಳಗೆ ಹೋದೆ. ಅಲ್ಲಿನ ಹುಡುಗಿ ನಗದೆ ಗಂಭೀರವಾಗಿ ನೀರು ತಂದುಕೊಟ್ಟಳು. ಇಂಥ ಮಳಿಗೆಗೆ ಒಂದು ದಿನ ಬೀಗ ಬೀಳಬಹುದು ಎಂದು ಯಾರಾದರೂ ಹೇಳಿದ್ದರೆ, ಸಮುದ್ರಕ್ಕೆ ಬೀಗ ಹಾಕುತ್ತಾರೆ ಎಂಬುದನ್ನು ನಂಬುವಷ್ಟೇ ನಂಬುತ್ತಿದ್ದೆ.

ಒಂದು ಶನಿವಾರ ಆಸ್ಪತ್ರೆ ಮುಗಿಸಿ ಶೋರೂಮಿಗೆ ಹೋದೆವು. ಕಾರು ಸಿದ್ಧವಾಗಿತ್ತು. ನನ್ನ ಹೆಸರಿನಲ್ಲಿ ನೋಂದಣಿಯಾಗಿ, ನಂಬರು ಬರೆಸಿಕೊಂಡು, ಬಿಳಿ ಆಕಳಿನ ಹಾಗೆ ಗಾಜಿನ ಪಕ್ಕ ನಿಂತಿತ್ತು.

"ಸರ್, ಇವತ್ತೇ ತಕೊಂಡು ಹೋಗಿ" ಎಂದಳು ಹುಡುಗಿ.

"ಇವತ್ತು ಚತುರ್ದಶಿ, ನಾಳೆ ಅಮಾವಾಸ್ಯೆ. ಸೋಮವಾರ ಪಾಡ್ಯ, ಹೊಸತು ಹಿಡಿಯೂದಿಲ್ಲ. ಮಂಗಳವಾರದ ಬಗ್ಗೆ ಹೇಳೂದೇ ಬೇಡ. ಬುಧವಾರ ತದಿಗೆ, ಬೆಳಿಗ್ಗೆ ಹತ್ತೂಕಾಲಿಗೆ ಒಯ್ತೇನೆ."

ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮೆಕ್ಯಾನಿಕ್ ಎದ್ದು ನಿಂತ. ಅಮದಳ್ಳಿಯ ನಾಗೇಶ, ವರ್ಕ್‌ಶಾಪಿನ ಹಿರಿಯ. ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮಾಸ್ತರೇ, ಇವತ್ತೇ ಒಯ್ದ್ಬಿಡಿ" ಎಂದ.

"ನೋಡು ನಾಗೇಶ, ಅವಸರದಲ್ಲಿ ತಂದದ್ದು ಅಂಗಳದಲ್ಲಿ ನಿಲ್ಲೂದಿಲ್ಲ."

"ಅದೆಲ್ಲ ಸಮ. ಆದ್ರೂ ಇವತ್ತೇ ಒಯ್ದ್ರೆ ಚಲೋ ಆಗ್ತಿತ್ತು."

ಸುಮಿತ್ರಾ ನನ್ನ ತೋಳು ಚಿವುಟಿದಳು. "ಅಷ್ಟು ಹೇಳ್ತಾ ಇದ್ದಾನೆ, ಎಂತಕ್ಕೆ ಹಟ? ನನ್ ಕಾಲು ಅಮಾಸೆ ನೋಡಿ ನೋಯೂದಿಲ್ಲ."

ನಾನು ಇಬ್ಬರಿಗೂ ಕೂಡಿಸಿ ಅಮಾವಾಸ್ಯೆಯ ಬಗ್ಗೆ ಸಣ್ಣ ಪಾಠ ಮಾಡಿದೆ. ಮುಗಿಯುವಾಗ ನಾಗೇಶ ಇರಲಿಲ್ಲ, ಬಾನೆಟ್ಟು ಮುಚ್ಚಿತ್ತು. ಕೊನೆಗೆ, ದೇವರ ಮುಂದಿಡಲು ಕೀಯನ್ನಾದರೂ ಮೊದಲೇ ಕೊಡಿ ಎಂದು ಕೇಳಿದೆ. ಗಾಡಿ ಒಯ್ಯದೆ ಕೀ ಕೇಳುವ ಗಿರಾಕಿ ಲೋಕದಲ್ಲಿ ಇನ್ನೊಬ್ಬನಿರಲಾರ. ಹುಡುಗಿ ಕೂಡಲೇ ಎರಡೂ ಕೀ ತಂದು ಕೈಯಲ್ಲಿಟ್ಟಳು. ಕೇಳಿದ್ದನ್ನೆಲ್ಲ ತಕರಾರಿಲ್ಲದೆ ಕೊಡುವ ಅಂಗಡಿಯ ಬಗ್ಗೆ ಎಚ್ಚರ ಬೇಕು ಎಂಬುದನ್ನು ಅಜ್ಜ ಕಲಿಸಿರಲಿಲ್ಲ.

ಬುಧವಾರ ತೆಂಗಿನಕಾಯಿ, ಕುಂಕುಮ, ನಾಲ್ಕು ಚಕ್ರಕ್ಕೆ ನಾಲ್ಕು ಲಿಂಬೆಹಣ್ಣು, ಒಂದು ಮಾರುದ್ದದ ಗೊಂಡೆ ಹೂವಿನ ಹಾರ ಹಿಡಿದು, ಸುಮಿತ್ರಾಳನ್ನು ಕೊನೆಯ ಸಲ ಎಂದು ಹೇಳಿ ಬಸ್ಸು ಹತ್ತಿಸಿ, ಹತ್ತು ಗಂಟೆಗೆ ಸರಿಯಾಗಿ ಶೋರೂಮಿನ ಮುಂದೆ ಇಳಿದೆವು. ಗೇಟಿಗೆ ಸರಪಳಿ. ಸರಪಳಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ಪಕ್ಕದಲ್ಲಿ ಎರಡೇ ಸಾಲಿನ ಚೀಟಿ: ಮಳಿಗೆ ಮುಚ್ಚಲಾಗಿದೆ, ಗ್ರಾಹಕರು ಸಹಕರಿಸಬೇಕು.

"ಅಮಾವಾಸ್ಯೆಗೆ ರಜೆ ಮಾಡಿರಬೇಕು" ಎಂದೆ.

"ಅಮಾಸೆ ಹೋಗಿ ಮೂರು ದಿನ ಆಯ್ತು" ಎಂದಳು ಸುಮಿತ್ರಾ. "ನೀವೇ ಹೇಳಿದ್ದು."

ಗೇಟಿನ ಹೊರಗೆ ರಸ್ತೆ ಬದಿಯ ಮರದ ಕೆಳಗೆ ಎಂಟು ಜನ ಮೆಕ್ಯಾನಿಕ್‌ಗಳು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಕುಳಿತಿದ್ದರು. ನಾಗೇಶ ಎದ್ದು ಬಂದ.

"ಸೋಮವಾರ ಸಂಜೆ ಫೋನಿಗೆ ಮೆಸೇಜ್ ಬಂತು ಮಾಸ್ತರೇ. ನಾಳೆಯಿಂದ ಬರೂದು ಬೇಡ ಅಂತ. ಶನಿವಾರ ಸುದ್ದಿ ಮಾತ್ರ ಇತ್ತು, ಬಾಯ್ಬಿಟ್ಟು ಹೇಳೂಕೆ ಆಗೂದಿಲ್ಲ. ನಮ್ ಸ್ಪ್ಯಾನರ್ ಪೆಟ್ಟಿಗೆ ಸೈತ ಒಳಗೇ ಉಳೀತು."

"ಮತ್ತೆ ಇಲ್ಲಿಗೆ ಬಂದದ್ದು ಎಂತಕ್ಕೆ?"

"ಗಿರಾಕಿಗಳು ಬರ್ತಾರಲ್ಲ. ಅವ್ರಿಗೆ ಹೇಳೂಕೆ ಯಾರಾದ್ರೂ ಬೇಕಾ ಬೇಡ್ವಾ?"

ಅದರ ಅರ್ಥ ಆಮೇಲೆ ತಿಳಿಯಿತು. ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ಕಾರುಗಳು ಅರೆಬರೆ ಬಿಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದವು. ಒಬ್ಬೊಬ್ಬರೇ ಯಜಮಾನರು ಬೈಯುತ್ತ ಬರುತ್ತಿದ್ದರು. ನಾಗೇಶನ ಕೈಯಲ್ಲಿ ಕಾಗದವಿಲ್ಲ. ನಂಬರು ಕೇಳಿದ ಕೂಡಲೇ ಕಣ್ಣು ಸ್ವಲ್ಪ ಮುಚ್ಚಿ ಹೇಳುತ್ತಿದ್ದ: "ನಿಮ್ದು ಮೂರನೇ ಸಾಲು. ಮುಂದಿನ ಬಲಚಕ್ರದ ಬ್ರೇಕ್ ಬಿಚ್ಚಿ ಅದೆ, ಬೋಲ್ಟು ಸೀಟಿನ ಕೆಳಗೆ ಡಬ್ಬಿಯಲ್ಲಿ. ಬೀಗ ತೆಗೆದ್ರೂ ಹಾಗೇ ಓಡಿಸ್ಬೇಡಿ, ನಂಗೆ ಫೋನ್ ಮಾಡಿ." ದೇವಬಾಗದಿಂದ ಬಂದ ಮೀನು ವ್ಯಾಪಾರಿಯೊಬ್ಬ ಕೈಯೆತ್ತಿಕೊಂಡೇ ಬಂದವನು, ತನ್ನ ಗಾಡಿಯ ಒಳಗಿನ ಕತೆಯನ್ನೆಲ್ಲ ಕೇಳಿ ಕೈ ಇಳಿಸಿ, ಎಲ್ಲರಿಗೂ ಚಹಾ ಹೇಳಿದ. ಗಣಿತ ಕಲಿಸಿದವನು ನಾನು, ಮಗ್ಗಿಯನ್ನೂ ಪುಸ್ತಕ ಹಿಡಿದೇ ಕಲಿಸಿದ್ದು. ಕೆಲಸ ಹೋದ ಮನುಷ್ಯ ಇಪ್ಪತ್ತಾರು ಕಾರುಗಳ ಬೋಲ್ಟು ಬೋಲ್ಟನ್ನೂ ತಲೆಯಲ್ಲಿಟ್ಟುಕೊಂಡು ಬಿಸಿಲಿಗೆ ನಿಂತಿದ್ದನ್ನು ನೋಡುತ್ತ ನಿಂತೆ.

ಹಾಗೇ ನೋಡುತ್ತ ನಿಂತಿದ್ದರೆ ಆಗುತ್ತಿತ್ತು. ನನಗೆ ಜೇಬಿನಲ್ಲಿದ್ದ ಕೀ ನೆನಪಾಯಿತು. ಬೇಲಿಯ ಸಂದಿಯಿಂದ ಕೈ ತೂರಿಸಿ, ಗಾಜಿನ ಕಡೆ ತೋರಿಸಿ ಗುಂಡಿ ಒತ್ತಿದೆ. ಒಳಗಿದ್ದ ನನ್ನ ಕಾರು ಕುಂಯ್ ಎಂದು ಎರಡು ಸಲ ಕಣ್ಣು ಮಿಟುಕಿಸಿತು.

ಅಷ್ಟು ದೊಡ್ಡ ಕತ್ತಲ ಮಳಿಗೆಯಲ್ಲಿ ಉಳಿದ ಗಾಡಿಗಳೆಲ್ಲ ಸತ್ತಂತೆ ಬಿದ್ದಿರುವಾಗ ನನ್ನದೊಂದೇ ಉತ್ತರ ಕೊಟ್ಟಿತು! ಸುಮಿತ್ರಾಳ ಕಣ್ಣಲ್ಲೂ ನೀರು ಬಂತು. "ನಮ್ಮ ಗುರುತು ಹಿಡೀತದೆ ನೋಡಿ" ಎಂದಳು. ನಾನು ಮತ್ತೆ ಒತ್ತಿದೆ. ದಾರಿಯಲ್ಲಿ ಹೋಗುವವರು ನಿಂತರು. ಅವರಿಗೂ ತೋರಿಸಿದೆ.

ಗುರುವಾರ, ಶುಕ್ರವಾರ ನಾನೊಬ್ಬನೇ ಬಸ್ಸಿನಲ್ಲಿ ಹೋಗಿ ಬೇಲಿಯ ಹತ್ತಿರ ನಿಂತೆ. ಬಂದ ಗಿರಾಕಿಗಳಿಗೆಲ್ಲ ಪ್ರಾತ್ಯಕ್ಷಿಕೆ. ನಾಗೇಶ ಎರಡು ಸಲ ಹೇಳಿದ: "ಸಾಕು ಮಾಸ್ತರೇ. ಪ್ರತಿ ಸಲ ಬಾಗಿಲು ತೆಗೀತದೆ, ಒಳಗಿನ ದೀಪ ಹತ್ತಿ ಕೂರ್ತದೆ. ನಿಂತ ಗಾಡಿ, ಬ್ಯಾಟರಿ ಮೊದ್ಲೇ ಸೋತಿರ್ತದೆ."

"ಇಷ್ಟು ದೊಡ್ಡ ಕಾರಿಗೆ ಇಷ್ಟು ಸಣ್ಣ ಗುಂಡಿ ಏನು ಮಾಡೀತು?" ಎಂದೆ.

ಶನಿವಾರ ಒತ್ತಿದೆ. ಉತ್ತರವಿಲ್ಲ. ಹತ್ತಿರ ಹೋಗಿ ಒತ್ತಿದೆ, ದೂರದಿಂದ ಒತ್ತಿದೆ, ಇನ್ನೊಂದು ಕೀಯಲ್ಲಿ ಒತ್ತಿದೆ. ಮನೆಗೆ ಬಂದು ಸುಮಿತ್ರಾಳಿಗೆ ಹೇಳುವಾಗ ಹತ್ತಿರದ ನೆಂಟರು ಹೋದ ಸುದ್ದಿ ಹೇಳುವ ದನಿ ಬಂತು. ಅವಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಲೆಯೆತ್ತದೆ ಕೇಳಿದಳು, "ಕೊಂದ್ರಾ?"

ಸೋಮವಾರ ಬೆಳಗಾಗುವುದರೊಳಗೆ ನಾಗೇಶನ ಫೋನು. "ಮಾಸ್ತರೇ, ಕಂಪನಿಯವ್ರು ಬಂದಾರೆ. ದೊಡ್ಡ ಲಾರಿ ನಿಂತದೆ, ಒಂಬತ್ತಕ್ಕೆ ಹೊಸ ಗಾಡಿ ಎಲ್ಲ ತುಂಬಿ ಹುಬ್ಬಳ್ಳಿಗೆ ಒಯ್ತಾರಂತೆ. ಕಾಗದ ಇದ್ದವ್ರಿಗೆ ಮಾತ್ರ ಈಗ್ಲೇ ಕೊಡ್ತಾರೆ. ಒಮ್ಮೆ ಹೋಯ್ತಂದ್ರೆ ಹಿಂದೆ ತರ್ಸೂದು ನಿಮ್ಮಿಂದ ಆಗೂದಿಲ್ಲ."

ಹಾರ, ತೆಂಗಿನಕಾಯಿಯ ಚೀಲ ಮತ್ತೆ ಹಿಡಿದುಕೊಂಡು ಹೊರಟೆವು. ಸುಮಿತ್ರಾ ಆ ದಿನ ಬಸ್ಸಿನ ಮೆಟ್ಟಿಲು ಹೇಗೆ ಹತ್ತಿದಳೋ ದೇವರೇ ಬಲ್ಲ. ಎಂಟೂವರೆಗೆ ತಲುಪಿದಾಗ ನನ್ನ ಕಾರಿನ ಹಿಂದೆ ಮುಂದೆ ಇದ್ದವೆಲ್ಲ ಲಾರಿ ಹತ್ತಿದ್ದವು. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಅಧಿಕಾರಿ ನನ್ನ ಕಾಗದ ನೋಡಿ, ಯಾದಿಯಲ್ಲಿ ಗೀಟೆಳೆದು, "ಬೇಗ ತೆಗೀರಿ" ಎಂದ. ಗೋಡೆಯ ಗಡಿಯಾರ ನೋಡಿದೆ. ಸೋಮವಾರ, ಒಂಬತ್ತರವರೆಗೆ ರಾಹುಕಾಲ. ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆಯಿತು.

"ಒಂದು ಇಪ್ಪತ್ತು ನಿಮಿಷ..."

ಸುಮಿತ್ರಾ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿತು. ರಾಹು ಹಾಗೆ ನೋಡುವುದಕ್ಕೆ ಸಾಧ್ಯವಿಲ್ಲ.

ನಾಗೇಶ ಕೀ ಹಾಕಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೆ. ನನ್ನನ್ನು ಬೈಯಬಹುದಾಗಿದ್ದ ಹೊತ್ತು ಅದು. ಅವನು ವರ್ಕ್‌ಶಾಪಿನ ಕಡೆ ತಿರುಗಿ ಒಂದು ಸೀಟಿ ಹಾಕಿದ. ಸಂಬಳವಿಲ್ಲದ, ಕೆಲಸವಿಲ್ಲದ, ತಮ್ಮ ಸ್ಪ್ಯಾನರ್ ಪೆಟ್ಟಿಗೆಗೆ ಸಹಿ ಹಾಕಿಸಿಕೊಳ್ಳಲು ಸಾಲಿನಲ್ಲಿ ನಿಂತಿದ್ದ ಏಳು ಜನ ಸಾಲು ಬಿಟ್ಟು ಬಂದರು. ಸುಮಿತ್ರಾಳಿಗೆ ಬಾಗಿಲು ತೆಗೆದು, "ಕೂತ್ಕೊಳ್ಳಿ ಅಕ್ಕಾ" ಎಂದ ನಾಗೇಶ. ಅವಳು ಸೀಟಿನ ಮೇಲೆ ಕುಳಿತು ಸುಮ್ಮನೆ ಕಾಲು ಒಳಗೆಳೆದುಕೊಂಡಳು. ಕೈ ಹಚ್ಚಿ ಎತ್ತಲಿಲ್ಲ. ಮುಖದಲ್ಲಿ ಒಂದು ಗೆರೆ ಕೂಡ ಬೀಳಲಿಲ್ಲ. ನಾನು ಹಾರ ಹಿಡಿದು ನಿಂತೇ ಇದ್ದೆ.

"ಮಾಸ್ತರೇ, ಹೂವು ಆಮೇಲೆ. ಕೈ ಹಚ್ಚಿ" ಎಂದರು ಯಾರೋ.

"ಲೊಟಾ ರೇ, ಲೊಟಾ!" ನಾಗೇಶ ಸ್ಟೇರಿಂಗು ಹಿಡಿದು, ನೂಕಿ ಎಂದು ಕೊಂಕಣಿಯಲ್ಲಿ ಕೂಗಿದ. ಎಂಟು ಜನ ನೂಕಿದೆವು. ಗೇಟು ದಾಟಿ ಹೆದ್ದಾರಿಯ ಇಳಿಜಾರು ಸಿಕ್ಕಿತು. ಕಾರು ಒಮ್ಮೆ ಬಿಕ್ಕಿತು, ಕೆಮ್ಮಿತು, ಆಮೇಲೆ ಸಮುದ್ರದ ಕಡೆಯ ಗಾಳಿ ಎದ್ದ ಹಾಗೆ ಎದ್ದಿತು. ನಾನು ಕೈಯೆತ್ತಿ ಕುಣಿದೆ. ಅದು ನಿಲ್ಲುತ್ತದೆ, ನಾನು ಹತ್ತುತ್ತೇನೆ ಎಂದುಕೊಂಡೆ. ಅದು ತಿರುವಿನಲ್ಲಿ ಕಾಣದಾಯಿತು.

ಐದು ನಿಮಿಷಕ್ಕೆ ಸುಮಿತ್ರಾಳ ಫೋನು. "ಬ್ಯಾಟರಿ ತುಂಬೂವರೆಗೆ ನಿಲ್ಸೂಕೆ ಆಗೂದಿಲ್ಲಂತೆ. ನಾಗೇಶ ಸೀದಾ ಮನೆಗೇ ಬಿಡ್ತಾನಂತೆ. ನಮ್ಮ ಬದಿಯಲ್ಲೇ ಗ್ಯಾರೇಜಿಗೆ ಜಾಗ ಬೇಕಂತೆ ಅವ್ನಿಗೆ, ನಮ್ ಹಿತ್ತಲು ತೋರಿಸ್ತೇನೆ ಅಂದೆ. ನೀವು ಬಸ್ಸಿಗೆ ಬನ್ನಿ." ನಡುವೆ ನಗುವಿನ ಸದ್ದು. ಮೂವತ್ತು ಕಿಲೋಮೀಟರು ಅವಳು ಮಾತು ನಿಲ್ಲಿಸುವ ಲಕ್ಷಣವೇ ಇರಲಿಲ್ಲ.

ಹಾರವನ್ನು ಕೊರಳಿಗೆ ಹಾಕಿಕೊಂಡೆ, ಕೈಯಲ್ಲಿ ತೆಂಗಿನಕಾಯಿ ಚೀಲವಿತ್ತಲ್ಲ. ಬಸ್ಸು ಬಂತು. ಜನರೆಲ್ಲ ಜಾಗ ಬಿಟ್ಟುಕೊಟ್ಟರು. ಕಂಡಕ್ಟರು ನನ್ನ ಹಳೆಯ ವಿದ್ಯಾರ್ಥಿ, ಎದ್ದು ನಮಸ್ಕಾರ ಮಾಡಿದ.

"ಸನ್ಮಾನ ಇತ್ತಾ ಸರ್?"

"ಇಲ್ಲ. ಹೊಸ ಕಾರು ತಕೊಂಡೆ."

ಅವನು ಕಿಟಕಿಯಿಂದ ರಸ್ತೆಯ ಹಿಂದೆ ಮುಂದೆ ನೋಡಿದ. "ಎಲ್ಲಿ ಅದೆ ಸರ್?"

"ಮುಂದೆ ಹೋಗ್ತಾ ಅದೆ" ಎಂದೆ. "ಅಂಕೋಲೆ ಒಂದು ಕೊಡು."