ಅಳಿಯನ ಮರಳುಗಾಡಿ

ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ನಾಲ್ಕೂ ಚಕ್ರ ಎಳೆಯುವ ಜೀಪು ಕೊಂಡು ಕಡಲತೀರದ ಮರಳಿನಲ್ಲಿ ಓಡಿಸಿದಂದಿನಿಂದ ಅತ್ತೆಯ ಮನೆಯಲ್ಲಿ ನನ್ನ ಸ್ಥಾನಮಾನ ಸ್ಟೆಪ್ನಿ ಟೈರಿನ ಮಟ್ಟಕ್ಕೆ ಇಳಿಯಿತು. ಇದ್ದೇನೆಂದು ಎಲ್ಲರಿಗೂ ಗೊತ್ತು. ಯಾರೂ ತಿರುಗಿ ನೋಡುವುದಿಲ್ಲ. "ದೊಡ್ಡ ಅಳಿಯಂದ್ರು ಓಡಿಸ್ತಿದ್ರೆ ನೀರ ಮೇಲೆ ದೋಣಿ ಹೋದ ಹಾಗಿತ್ತು" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಲಿನವನಿಗೂ ಹೇಳಿದರಂತೆ.

ನಾನು ಕನ್ನಡಕದ ಅಂಗಡಿ ಇಟ್ಟವನು. ಊರವರ ದೃಷ್ಟಿಯನ್ನೆಲ್ಲ ತಿದ್ದುವ ನನ್ನ ಮೇಲೆ ಅತ್ತೆಯ ದೃಷ್ಟಿ ಮಾತ್ರ ಬೀಳುವುದಿಲ್ಲ ಎಂದರೆ ಸಹಿಸುವುದು ಹೇಗೆ? ನಾನೂ ಒಂದು ಹಳೆಯ ಜೀಪು ಕೊಂಡೆ. ಗಿರಾಕಿಗಳಿಲ್ಲದಾಗ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮರಳು ಸಾರಥ್ಯದಲ್ಲಿ ಪಾರಂಗತನಾದೆ. (ಜಾಹೀರಾತುಗಳ ಜೊತೆಗೆ ಬೇಸರದ ಭಾಗಗಳನ್ನೂ ಹಾರಿಸಿದ್ದೆ.) ಒಂದು ರಜಾ ದಿನ ಹೆಂಡತಿಯನ್ನೂ, ಸಾಕ್ಷಿಗಿರಲೆಂದು ಅತ್ತೆಯನ್ನೂ ಹತ್ತಿಸಿಕೊಂಡು ಕಡಲಿಗೆ ಹೊರಟೆ.

ದಾರಿಯುದ್ದಕ್ಕೂ ನನ್ನ ಉಪನ್ಯಾಸ. "ಮರಳಲ್ಲಿ ಮುಖ್ಯ ಸೂತ್ರ ಒಂದೇ. ನಿಲ್ಲಿಸಬಾರದು. ನಿಂತೆ ಅಂದ್ರೆ ಹೂತೆ."

"ಟೈರಿನ ಗಾಳಿ ಸ್ವಲ್ಪ ಇಳಿಸ್ಬೇಕು ಅಂತ ಭಾವ ಹೇಳ್ತಿದ್ರಲ್ಲ?" ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಯಾರದ್ದಾದರೂ ಏನನ್ನಾದರೂ ಇಳಿಸದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಅದೆಲ್ಲ ಧೈರ್ಯ ಇಲ್ಲದವರಿಗೆ," ಎಂದೆ.

ಮರಳಿಗೂ ಮರುಳಿಗೂ ನಡುವೆ ಇರುವುದು ಒಂದೇ ಒಂದು ಕೊಂಬು. ಆ ಕೊಂಬು ಅವತ್ತು ನನ್ನ ತಲೆಯ ಮೇಲಿತ್ತು.

ಮೊದಲ ಕೆಲವು ಕ್ಷಣ ಅಮೋಘವಾಗಿದ್ದವು. ಜೀಪು ಗಜಗಮನದಲ್ಲಿ ಸಾಗಿತು. ಹಿಂದಿನ ಸೀಟಿನಿಂದ ಅತ್ತೆ, "ಪರವಾಗಿಲ್ವೇ," ಎಂದರು. ಆ ಮಾತಿಗೆ ಮೈಮರೆತು ಅವರ ಮುಖ ನೋಡಲು ಹಿಂದಕ್ಕೆ ತಿರುಗಿದೆ. ಕಾಲು ತಾನಾಗಿ ಬ್ರೇಕು ಒತ್ತಿತು. ಜೀಪು ನಿಂತಿತು. ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದೆ. ಮುಂದೆ ಹೋಗಬೇಕಾದ ಜೀಪು ಕೆಳಗೆ ಹೋಯಿತು. ಮತ್ತೂ ಒತ್ತಿದೆ, ಮತ್ತೂ ಕೆಳಗೆ ಹೋಯಿತು. ಬಾಗಿಲು ತೆರೆದರೆ ಅದು ಮರಳನ್ನು ಬಾಚಿತು.

"ದೊಡ್ಡವರು ಮೇಲ್ಗಡೆ ಓಡಿಸ್ತಿದ್ರು, ಅಳಿಯಂದ್ರೇ," ಎಂದರು ಅತ್ತೆ ಕಿತ್ತಳೆ ಸುಲಿಯುತ್ತ. "ನೀವು ಒಳಗಡೆ ಓಡಿಸ್ತೀರಿ."

ಅಷ್ಟರಲ್ಲಿ ಸಮುದ್ರ ಉಕ್ಕತೊಡಗಿತ್ತು. ಒಂದು ಅಲೆ ಬಂದು ಹಿಂದಿನ ಚಕ್ರವನ್ನು ನೆಕ್ಕಿ ಹೋಯಿತು. 

"ಭಾವಂಗೆ ಫೋನ್ ಮಾಡ್ಲಾ?" ಎಂದಳು ಹೆಂಡತಿ.

"ಬೇಡ. ಬೇಕಾದ್ರೆ ಇಲ್ಲೇ ಮುಳುಗಿಹೋಗೋಣ."

"ನೀವು ಮುಳುಗಿ. ಅಮ್ಮ ಯಾಕೆ ಮುಳುಗ್ಬೇಕು?" ಕೆಳಗಿಳಿದು ಸುತ್ತ ಒಮ್ಮೆ ನೋಡಿದಳು. "ಪ್ರೆಶರ್ ಜಾಸ್ತಿ ಇದೆ. ಇಳಿಸ್ಬೇಕು."

"ಇರದೆ ಏನು? ಮಾತ್ರೆ ಇದ್ರೆ ಕೊಡು."

"ನಿಮ್ಮದಲ್ಲ. ಟೈರಿಂದು."

ತಲೆಯಿಂದ ಪಿನ್ನು ತೆಗೆದು, ನಾಡಿ ನೋಡುವವಳ ಗಾಂಭೀರ್ಯದಿಂದ ನಾಲ್ಕೂ ಟೈರುಗಳ ಗಾಳಿ ಅರ್ಧರ್ಧ ಬಿಟ್ಟಳು. ನಾನು ತಿಂಡಿ ಡಬ್ಬಿಯ ಮುಚ್ಚಳ ಹಿಡಿದು ಚಕ್ರಗಳ ಮುಂದಿನ ಮರಳು ತೋಡಿದೆ. ಅತ್ತೆಯನ್ನು ಇಳಿಯಿರಿ ಎಂದರೆ, ಚಪ್ಪಲಿ ಒದ್ದೆಯಾಗುತ್ತದೆ ಎಂದರು. ಹೆಂಡತಿ ಚಾಲಕನ ಸೀಟಿಗೆ ಹತ್ತಿದಳು. ಊರೊಳಗೆ ಸಣ್ಣ ಕಾರು ಓಡಿಸಿದ್ದು ಬಿಟ್ಟರೆ ಅವಳಿಗೆ ಬೇರೆ ಅನುಭವವಿಲ್ಲ. "ಹಿಂದಿಂದ ತಳ್ಳಿ," ಎಂದಳು.

ತಳ್ಳಿದೆ. ಬಾಯಿ ತುಂಬ ಮರಳು ಬಂತು. ಜೀಪು ಒಮ್ಮೆ ಓಲಾಡಿ, ಎದ್ದು, ಹೊರಟಿತು. ಹೊರಟದ್ದು ಹೋಗುತ್ತಲೇ ಇತ್ತು.

"ನಿಲ್ಸೇ, ನಾನು ಹತ್ಬೇಕು," ಎಂದು ಕೂಗಿದೆ.

"ನಿಲ್ಲಿಸಬಾರದು ಅಂತ ನೀವೇ ಹೇಳಿದ್ರಲ್ಲ," ಎಂಬ ಮಾತು ಕಿಟಕಿಯಿಂದ ತೇಲಿ ಬಂತು.

ಬೆನ್ನು ಹತ್ತಿ ಓಡಿದೆ. ಪ್ಯಾಂಟು ಮಂಡಿಯವರೆಗೆ, ಕೈಯಲ್ಲಿ ಡಬ್ಬಿಯ ಮುಚ್ಚಳ. ವಾಯುವಿಹಾರಕ್ಕೆ ಬಂದಿದ್ದ ಹಿರಿಯರೊಬ್ಬರು ಸ್ವಲ್ಪ ದೂರ ನನ್ನ ಜೊತೆಗೇ ಓಡಿ, "ಉಸಿರು ಮೂಗಿಂದ ತಗೊಳ್ಳಿ," ಎಂದು ಸಲಹೆ ಕೊಟ್ಟು, ನನ್ನನ್ನು ಹಿಂದಿಕ್ಕಿ ಹೋದರು.

ನಾನು ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ತಾಯಿ ಮಗಳು ಚಹಾ ಕುಡಿಯುತ್ತಿದ್ದರು. ನಾನು ಮಾತಾಡುವ ಮೊದಲೇ ಹೆಂಡತಿ ಕಾಲಲ್ಲಿ ತುಳಿಯುವ ಪಂಪು ತೋರಿಸಿದಳು. "ಗಾಳಿ ತುಂಬ್ಸಿ. ಹೀಗೇ ರಸ್ತೆ ಮೇಲೆ ಹೋದ್ರೆ ಟೈರ್ ಹಾಳಾಗುತ್ತೆ."

ಮೈಯೆಲ್ಲ ಮರಳು ಮೆತ್ತಿಕೊಂಡು ತುಳಿಯುತ್ತಿದ್ದೆ. ದೊಡ್ಡ ಕಾರೊಂದರಿಂದ ಇಳಿದ ಹೆಂಗಸೊಬ್ಬರು ಸೀದಾ ಹೆಂಡತಿಯ ಬಳಿ ಬಂದರು. "ನೀವು ಮರಳಲ್ಲಿ ಬಂದದ್ದು ನೋಡಿದೆ. ಎಷ್ಟು ಚೆನ್ನಾಗಿ ಓಡಿಸ್ತೀರಿ. ನಮ್ಮನೆಯವರಿಗೂ ಸ್ವಲ್ಪ ಹೇಳಿಕೊಡಿ." ಆಮೇಲೆ ನನ್ನತ್ತ ನೋಡಿ ದನಿ ತಗ್ಗಿಸಿದರು. "ನಿಮ್ಮ ಕ್ಲೀನರ್ ಕೂಡ ಮೈ ಬಗ್ಗಿಸಿ ದುಡೀತಾನೆ. ಈಗೆಲ್ಲ ಇಂಥವರು ಸಿಗೋದೇ ಕಷ್ಟ."

ಹೆಂಡತಿ ತಿದ್ದುತ್ತಾಳೆಂದು ಕಾದೆ. ಅವಳ ಬಾಯಲ್ಲಿ ಚಹಾ ಇತ್ತು. ಅತ್ತೆಯೇ ಮಾತಾಡಿದರು.

"ತುಂಬಾ ಹುಡುಕಿ ತಂದದ್ದಮ್ಮ. ಮಾತು ಸ್ವಲ್ಪ ಜಾಸ್ತಿ. ಆದ್ರೆ ಹೇಳಿದ ಕೆಲಸಕ್ಕೆ ಇಲ್ಲ ಅನ್ನೋದಿಲ್ಲ."

ಹೊರಗಿನವರ ಮುಂದೆ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ಅಲ್ಲಗಳೆಯಲು ಮನಸ್ಸು ಬರಲಿಲ್ಲ. ಆ ಹೆಂಗಸಿಗೆ ಒಂದು ನಮಸ್ಕಾರ ಹಾಕಿ, ಪಂಪನ್ನು ಮುಂದಿನ ಟೈರಿಗೆ ಸಿಕ್ಕಿಸಿದೆ.