ಪೈಲ್ವಾನ ಮೀನಿಗೊಂದು ಜೊತೆ

ಶಿವನಿಗೆ ನಗಬೇಕೆನಿಸಿದಾಗ ಅವನು ನಮ್ಮಂಥ ಪೂಜೆ-ಪುನಸ್ಕಾರದ ಮನೆಯನ್ನೇ ಹುಡುಕಿಕೊಂಡು ಬರುತ್ತಾನೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಇಲ್ಲವಾದರೆ ಈ ತೆಲುಗು ನಾಡಿನಲ್ಲಿ, ನಾಚಾರಂ ಕಡೆಯ ನಮ್ಮ ಕ್ವಾರ್ಟರ್ಸಿನಲ್ಲಿ, ಸೋಮವಾರ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯಲ್ಲಿ, ಸಮುದ್ರದ ಮೀನು ಯಾಕೆ ಬಂದು ಕೂಡಬೇಕು?

೧. ಮೇಲಿನ ಮನೆಯ ಫ್ರಿಜ್ಜು

ಪಕ್ಕದ ಮನೆಯ ಸಾಹೇಬರಿಗೆ ವರ್ಗವಾಯಿತು. ಹೋಗುವಾಗ ಉಪ್ಪುನೀರಿನ ದೊಡ್ಡ ಗಾಜಿನ ತೊಟ್ಟಿಯನ್ನೂ ಅದರಲ್ಲಿದ್ದ ಒಂದೇ ಮೀನನ್ನೂ ನಮ್ಮ ಪಡಸಾಲೆಯಲ್ಲಿ ಇಳಿಸಿ ಹೋದರು. ಅಂಗೈಯಗಲದ ನೀಲಿ ಮೀನು, ಟ್ರಿಗರ್ ಅಂತ ಜಾತಿ. ಅದು ಒಂಟಿಯಾಗಿ ಗಾಜಿನುದ್ದಕ್ಕೂ ಅಡ್ಡಾಡುವುದನ್ನು ನೋಡಿ ನನ್ನ ಹೆಂಡತಿಯ ಕರುಳು ಚುರುಕ್ಕೆಂದಿತು. ಇದಕ್ಕೊಂದು ಜೊತೆ ತರಲೇಬೇಕೆಂದಳು.

ಅದಕ್ಕೂ ಮೊದಲು ಊಟದ ಪ್ರಶ್ನೆ ಬಂತು. ಅದು ತಿನ್ನುವುದು ಸಿಗಡಿ. ನಮ್ಮ ಫ್ರಿಜ್ಜಿನಲ್ಲಿರುವುದು ಅಭಿಷೇಕದ ಹಾಲು. ಮೇಲಿನ ಮನೆಯ ತೆಲುಗು ಅಮ್ಮ ತಮ್ಮ ಫ್ರಿಜ್ಜಿನಲ್ಲಿ ಜಾಗ ಕೊಟ್ಟರು. ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಮೇಲೆ ಹೋಗಿ, ಮುಚ್ಚಿದ ಬಟ್ಟಲಲ್ಲಿ ಸಿಗಡಿ ತರುವುದು ನನ್ನ ಕೆಲಸವಾಯಿತು. ಒಂದು ದಿನ ಆಕೆ ದನಿ ತಗ್ಗಿಸಿ, ಬೇಕಾದರೆ ಮಸಾಲೆ ಹಾಕಿ ನಾನೇ ಮಾಡಿಕೊಡುತ್ತೇನೆ, ಪಾಪ, ಎಷ್ಟು ದಿನ ಅಂತ ಮೀನಿನ ಹೆಸರು ಹೇಳುತ್ತೀರಿ ಎಂದರು.

೨. ಶಿವರಾತ್ರಿಯ ಉಪವಾಸ

ಜೊತೆ ಆರಿಸಲು ಬೇಗಂಪೇಟೆಯ ಮೀನಿನ ಅಂಗಡಿಗೆ ಹೋದೆವು. ಕಿತ್ತಳೆ ಮೈಮೇಲೆ ಮೂರು ಬಿಳಿ ಪಟ್ಟೆಗಳಿದ್ದ ಪುಟ್ಟ ಮೀನು ಕಂಡದ್ದೇ ನನ್ನ ಹೆಂಡತಿ ಕೈಮುಗಿದಳು. ವಿಭೂತಿ ಧರಿಸಿದಂತಿದೆ, ಇದರ ಸಹವಾಸದಿಂದ ನಮ್ಮದೂ ಸುಧಾರಿಸುತ್ತದೆ ಎಂದಳು. ನನಗೂ ಹಾಗೇ ಅನ್ನಿಸಿತು. ಅಂಗಡಿಯವನು ಬೇಡವೆಂದು ತಲೆಯಾಡಿಸಿದರೂ ಕೇಳದೆ ತಂದೆವು.

ಹೊಟ್ಟೆ ತುಂಬಿರುವಷ್ಟು ದಿನ ಟ್ರಿಗರ್ ಸುಮ್ಮನಿತ್ತು. ಅಷ್ಟರಲ್ಲಿ ಶಿವರಾತ್ರಿ ಬಂತು. ಆ ದಿನ ನಮ್ಮ ಹೊಸ್ತಿಲು ದಾಟಿಸಿ ಸಿಗಡಿ ತರುವುದು ಹೇಗೆ? ಮನೆಮಂದಿಗೆಲ್ಲ ಉಪವಾಸವಾದ ಮೇಲೆ ಮೀನಿಗೂ ಉಪವಾಸವೆಂದು ತೀರ್ಮಾನಿಸಿ, ಫಲಾಹಾರಕ್ಕೆ ಒಂದು ಚೂರು ಬಾಳೆಹಣ್ಣು ಬಿಟ್ಟೆವು. ಟ್ರಿಗರ್ ಅದನ್ನು ಬಾಯಿಗೆ ಹಾಕಿಕೊಂಡು, ನಮ್ಮ ಮುಖ ನೋಡಿ, ಉಗುಳಿತು. ಸಂಜೆ ಆರತಿ ಮುಗಿಸಿ ಬಂದಾಗ ತೊಟ್ಟಿಯಲ್ಲಿ ಒಂದೇ ಮೀನಿತ್ತು.

ನನ್ನ ಹೆಂಡತಿ ತೊಟ್ಟಿಗೆ ಕೈಮುಗಿದಳು. "ಶಿವರಾತ್ರಿ ದಿನಾನ ಶಿವನ ಪಾದ ಸೇರ್ತು, ಭಾಳ ಪುಣ್ಯದ ಜೀವ," ಅಂದಳು. ಆಮೇಲೆ ಟ್ರಿಗರ್ ಕಡೆ ತಿರುಗಿ, "ನಿನಗ ಮಾತ್ರ ಉಪಾಸದ ಪುಣ್ಯ ಇಲ್ಲ ನೋಡು," ಅಂದಳು.

೩. ಕುಂಕುಮದ ಬೊಟ್ಟು

ಇನ್ನೊಂದು ಜೀವಕ್ಕೆ ಕುತ್ತು ಬಂದರೆ ಟ್ರಿಗರ್ ಈ ಮನೆಯಲ್ಲಿರುವುದಿಲ್ಲ ಎಂದು ಆಕೆ ಆಣೆ ಹಾಕಿದಳು. ಶ್ರಾವಣ ಬರುವವರೆಗೆ ಜೊತೆಯ ಮಾತೆತ್ತಲಿಲ್ಲ. ಈ ಸಲ ಅಂಗಡಿಯವನ ಮಾತು ಕೇಳಿದೆವು.

"ಪಹಿಲ್ವಾನ್ ಕೂ ಪಹಿಲ್ವಾನಿಚ್ ಹೋನಾ ಸಾಬ್," ಎಂದ ಅವನು; ಪೈಲ್ವಾನನಿಗೆ ಪೈಲ್ವಾನನೇ ಜೊತೆ ಬೇಕಂತೆ. ಬಾಯಲ್ಲಿ ಹಿಡಿಯದಷ್ಟು ದೊಡ್ಡದಿರಬೇಕು, ಆಕಾರ ಬಣ್ಣ ಬೇರೆಯಿರಬೇಕು, ಒಳಗಿನ ಕಲ್ಲುಗಳನ್ನೆಲ್ಲ ಕದಲಿಸಿಡಬೇಕು, ಹಳಬನಿಗೂ ಅದು ಹೊಸ ಮನೆ ಅನ್ನಿಸಬೇಕು. ಸಾಧುಗಳ ನಡುವೆ ಕೂಡಿಸಿದರೆ ಕೋಪಿಷ್ಠರು ತಣ್ಣಗಾಗುತ್ತಾರೆಂದು ನಂಬಿದವನು ನಾನು. ದೇವರು ಸಮುದ್ರಕ್ಕೆ ಬೇರೆಯೇ ನಿಯಮ ಮಾಡಿರಬೇಕು ಅಂದುಕೊಂಡೆ.

ತಂದದ್ದು ಹಾವಿನಷ್ಟುದ್ದದ, ಮೈತುಂಬ ಚುಕ್ಕೆಯ ಹಾವುಮೀನು. ಅದು ಕಲ್ಲಿನ ಸಂದಿ ಸೇರಿತು. ಆದರೆ ಟ್ರಿಗರ್ ಅದರ ಬಾಲದ ಬೆನ್ನು ಬಿಡಲಿಲ್ಲ. ನನ್ನ ಹೆಂಡತಿ ಅಂಗಡಿಗೆ ಫೋನು ಮಾಡಿಸಿದಳು. ಮರುದಿನವೇ ಬಂದು ಟ್ರಿಗರನ್ನು ಒಯ್ಯುತ್ತೇನೆಂದ ಅಂಗಡಿಯವನು. ಆಣೆ ಹಾಕಿದವಳಿಗೇ ಆ ದಿನ ಅನ್ನ ಸೇರಲಿಲ್ಲ.

ಮರುದಿನ ನಾಗಪಂಚಮಿ. ಸುದ್ದಿ ಹೇಗೆ ಹಬ್ಬಿತೋ, ಕ್ವಾರ್ಟರ್ಸಿನ ನಮ್ಮ ಕಡೆಯ ಹೆಣ್ಣುಮಕ್ಕಳೆಲ್ಲ ಹಾಲಿನ ಬಟ್ಟಲು ಹಿಡಿದು ಬಂದುಬಿಟ್ಟರು. ತೊಟ್ಟಿಗೆ ಹಾಲು ಬಿದ್ದರೆ ಎರಡೂ ಮೀನು ಸಾಯುತ್ತವೆ. ನನ್ನ ಹೆಂಡತಿ ಅಡ್ಡ ನಿಂತಳು.

"ಇದು ಹಾವಲ್ರಿ ವೈನಿ, ಮೀನು."

"ಹಾವಿನಂಗ ಐತಿ, ಹುತ್ತದಾಗ ಕುಂತೈತಿ, ಇನ್ನೇನ್ ಬೇಕವ್ವಾ?" ಅಂದಳು ಅವರಲ್ಲಿ ಹಿರಿಯಳು.

ಕೊನೆಗೆ ಹಾಲು ಹೊರಗೇ ಇಟ್ಟು, ಗಾಜಿಗೆ ಕುಂಕುಮ ಹಚ್ಚುವುದೆಂದು ಒಪ್ಪಂದವಾಯಿತು. ಹಿರಿಯಳು ದೊಡ್ಡದೊಂದು ಬೊಟ್ಟಿಟ್ಟಳು. ಟ್ರಿಗರ್ ಹಾವುಮೀನಿನ ಬಾಲವನ್ನು ಬಿಟ್ಟು ಓಡಿ ಬಂದು ಬೊಟ್ಟಿಗೆ ಗುದ್ದಿತು. ಮತ್ತೆ ಹಿಂದೆ ಸರಿದು ಗುದ್ದಿತು. ಮೀನು ನಮಸ್ಕಾರ ಮಾಡಾಕತ್ತೈತಿ ಅಂತ ಎಲ್ಲರೂ ಕೈಮುಗಿದರು. ಗಾಜಿನಾಚೆಯ ಆ ಕೆಂಪು ವೈರಿಯ ಮುಂದೆ ಟ್ರಿಗರಿಗೆ ಮನೆಯೊಳಗಿನವನ ನೆನಪೇ ಆಗಲಿಲ್ಲ. ಹಾವುಮೀನು ಮೊದಲ ಸಲ ಸಂದಿಯಿಂದ ಪೂರ್ತಿ ಹೊರಬಂದು ನಿಧಾನವಾಗಿ ಅಡ್ಡಾಡಿತು.

ಬಕೆಟ್ಟು ಹಿಡಿದು ಬಂದ ಅಂಗಡಿಯವನು ನೋಡುತ್ತಲೇ ನಿಂತ. "ಇಲ್ಲೇ ಇರಲಿ ಬಿಡ್ರಿ," ಅಂದಳು ನನ್ನ ಹೆಂಡತಿ. "ಸಿಟ್ಟು ತೀರಿಸ್ಕೊಳ್ಳಾಕ ಅದಕ್ಕೂ ಒಂದು ಜಾಗ ಬೇಕಲ್ಲ." ಅವನು ಬಕೆಟ್ಟಿನ ತುಂಬ ಪಂಚಮಿ ಹಬ್ಬದ ಸಿಹಿ ಉಂಡಿ ತಗೊಂಡು ಹೋದ. ಅಂದಿನಿಂದ ದೇವರ ಪೂಜೆಯಾದ ಮೇಲೆ ಗಾಜಿಗೂ ಒಂದು ಬೊಟ್ಟು ತಪ್ಪಲಿಲ್ಲ.

ಸ್ವಲ್ಪ ದಿನ ಬಿಟ್ಟು ತೊಟ್ಟಿಯ ಉಪ್ಪು ತರಲು ಆ ಅಂಗಡಿಗೆ ಹೋದೆ. ಜಗಳಗಂಟ ಮೀನುಗಳಿದ್ದ ಗಾಜಿಗೆಲ್ಲ ಸಾಲಾಗಿ ಕುಂಕುಮ ಇಟ್ಟಿದ್ದ. ಒಳಗೆ ಜಗಳ ನಿಂತಿತೇ ಅಂತ ಕೇಳಿದೆ. ಒಳಗಿನದು ಅರ್ಧ ನಿಂತಿದೆ, ಹೊರಗಿನದು ಪೂರ್ತಿ ನಿಂತಿದೆ ಎಂದ. ತಿರುಗಿ ನೋಡಿದರೆ, ಗಿರಾಕಿಗಳು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕೈಮುಗಿದು ಒಳಗೆ ಬರುತ್ತಿದ್ದರು. ದೇವರ ಮುಂದೆ ಚೌಕಾಸಿ ಮಾಡಲು ಒಬ್ಬರಿಗೂ ಬಾಯಿ ಬರುತ್ತಿರಲಿಲ್ಲ.